ಕಾಕಂಬಿಗೆ ಇಂಗ್ಲಿಷಿನ್ಯಾಗ ಏನಂತಾರ

ಅಕ್ಕಾರ, ನಿಮ್ಮ ಮೊಮ್ಮಗಳ ವಹಿ ನೋಡಿದೆ. ಅಕ್ಷರ ಭಾಳ ಚಂದ ಅದಾವ. ಎಡಕ್ಕ ಇಂಗ್ಲಿಷ್ ಶಬ್ದ, ಬಲಕ್ಕ ಗೈಡ್ ನೋಡಿ ಇಳಿಸ್ಕೊಂಡ ಅರ್ಥ. ‘ಸ್ಕೇರ್ಸ್’ ಅಂದ್ರ ವಿರಳ, ‘ಅಬಂಡಂಟ್’ ಅಂದ್ರ ವಿಪುಲ. ವಿಪುಲ ಅಂದ್ರ ಏನವಾ ಅಂತ ಕೇಳಿದ್ರ ಹುಡುಗಿ ಸುಮ್ಮನ ನಿಂತ್ಲು. ತಪ್ಪು ಆಕಿದಲ್ರಿ. ತಿಳೀದ ಶಬ್ದಕ್ಕ ಇನ್ನೊಂದು ತಿಳೀದ ಶಬ್ದ ಕೊಟ್ಟ್ರ ಕೂಸು ಏನ್ ಮಾಡಬೇಕು?

ನಮ್ಮ ಚಿಕ್ಕೋಡಿ, ನಿಪ್ಪಾಣಿ ಕಡೆ ಇದು ಇನ್ನೂ ತ್ರಾಸಿನ ಮಾತು. ಮನ್ಯಾಗ ಒಂದು ಕನ್ನಡ, ಓಣ್ಯಾಗ ಮರಾಠಿ, ಪುಸ್ತಕದಾಗ ಬ್ಯಾರೇನ ಕನ್ನಡ. 2007-08ರಿಂದ ಸರಕಾರಿ ಸಾಲ್ಯಾಗ ಒಂದನೇತ್ತೆಗೇ ಇಂಗ್ಲಿಷ್ ಬಂತು. ಇಷ್ಟು ಭಾಷಾ ಕಿವಿಗೆ ಬೀಳೂ ಹುಡುಗ್ರು ದಡ್ಡರಲ್ಲ. ಸದಲಗಾದ ಆ. ನೇ. ಉಪಾಧ್ಯೆ ಅವರು ಇದ ಮಣ್ಣಿನ್ಯಾಗ ಹುಟ್ಟಿ, ಪ್ರಾಕೃತದ ‘ಪ್ರವಚನಸಾರ’ಕ್ಕ 1935ರಾಗ ಇಂಗ್ಲಿಷಿನ್ಯಾಗ ಎಷ್ಟು ದೊಡ್ಡ ಪ್ರಸ್ತಾವನೆ ಬರದ್ರು!

ಅದ 1935ರಾಗ ಮೈಕೆಲ್ ವೆಸ್ಟ್ ಅನ್ನಾವರು, ಎಂಡಿಕಾಟ್ ಅನ್ನಾವರ ಜೋಡಿ ಕೂಡಿ, ಇಂಗ್ಲಿಷ್ ಕಲಿಯೂ ಹುಡುಗ್ರಿಗಂತ ಒಂದು ಇಂಗ್ಲಿಷ್ ಡಿಕ್ಷನರಿ ತಂದ್ರು. ಈ ವೆಸ್ಟ್ ಢಾಕಾದಾಗ ಮಾಸ್ತರರನ್ನ ತಯಾರು ಮಾಡೂ ಕಾಲೇಜಿನ್ಯಾಗ ಇದ್ದವರು, ಬಂಗಾಲಿ ಹುಡುಗ್ರು ಇಂಗ್ಲಿಷ್ ಓದೂ ಪಾಡು ಹತ್ತಿರಲೆ ನೋಡಿದವರು. ಅವರು ಬರೇ 1,490 ಶಬ್ದ ಆರಿಸ್ಕೊಂಡು, ಅಷ್ಟರೊಳಗ ಸುಮಾರು 24,000 ಶಬ್ದ, ನುಡಿಗಟ್ಟುಗಳ ಅರ್ಥ ಹೇಳಿದ್ರು. ಹೇಳೂ ಶಬ್ದ, ಕೇಳೂ ಶಬ್ದಕ್ಕಿಂತ ಸರಳ ಇರಬೇಕು ಅನ್ನೂದು ಅವರ ಹಟ. ಮುಂದ ಹಾರ್ನ್‌ಬಿ ಅನ್ನಾವರು ಜಪಾನಿನ ಹುಡುಗ್ರಿಗೆ ಕಲಿಸ್ತಾ ಮಾಡಿದ ಡಿಕ್ಷನರಿ 1942ರಾಗ ಟೋಕಿಯೋದಾಗ ಅಚ್ಚಾತು. 1978ರಾಗ ಬಂದ ಲಾಂಗ್‌ಮನ್ ಡಿಕ್ಷನರಿ ಸುಮಾರು 2,000 ಶಬ್ದದೊಳಗ ಎಲ್ಲಾ ಅರ್ಥ ಕೂಡಿಸ್ತು. ನನಗ ಇದರಾಗ ಭಾಳ ಮುಖ್ಯ ಅನಸೂದು ಏನಂದ್ರ, ಮೊದಲಿನ ಈ ಎರಡೂ ಡಿಕ್ಷನರಿಯ ಬೇರು ಇರೂದು ಲಂಡನ್ನಿನ್ಯಾಗಲ್ಲ, ನಮ್ಮಂಥಾ ಮಂದಿ ಮಕ್ಕಳು ಕುಂತ ಸಾಲಿಯೊಳಗ.

ಹಂಗಂತ ಇಂಥಾ ಡಿಕ್ಷನರಿ ತಂದು ಕೈಯಾಗ ಕೊಟ್ಟ್ರ ಕೆಲಸ ಮುಗೀಲಿಲ್ಲ. ಅದರೊಳಗಿನ ಉದಾಹರಣೆಯೊಳಗ ಹಿಮಾ ಬೀಳತೈತಿ, ಓಕ್ ಗಿಡ ಬರತೈತಿ. ‘ಒಂದು ನಮೂನಿ ದೊಡ್ಡ ಗಿಡ’ ಅಂತ ಎಷ್ಟು ಸಣ್ಣ ಶಬ್ದದಾಗ ಹೇಳಿದ್ರೂ ಓಕ್ ನಮ್ಮ ಹುಡುಗಿ ಕಣ್ಣಿಗೆ ಕಾಣೂದಿಲ್ಲ. ಅರ್ಥ ಸರಳ ಮಾಡೂದು ಡಿಕ್ಷನರಿ ಕೆಲಸ, ವಾಕ್ಯ ಊರಿಂದು ಮಾಡೂದು ನಮ್ಮ ಕೆಲಸ.

ಆಕಿ ವಹಿಯೊಳಗಿನ ‘ಸ್ಕೇರ್ಸ್’ನ ತಗೋರಿ. ಇಂಗ್ಲಿಷಿನ್ಯಾಗ ‘ನಾಟ್ ಇನಫ್’ ಅಂದ್ರ ಸಾಕು. ಬ್ಯಾಸಗ್ಯಾಗ ಅಥಣಿ ಮೂಡಣ ದಿಕ್ಕಿಗೆ, ತೆಲಸಂಗದ ಕಡೆ ನೀರು ‘ಸ್ಕೇರ್ಸ್’; ಕೊಡ ಹಿಡಕೊಂಡು ಟ್ಯಾಂಕರ್ ದಾರಿ ಕಾಯೂ ಹುಡುಗಿಗೆ ಮತ್ತ ಬಿಡಿಸಿ ಹೇಳೂದೇನೈತಿ? ಅದ ತಾಲೂಕಿನ ಕೃಷ್ಣಾ ದಂಡಿ ಊರಾಗ ‘ಇವ್ಯಾಕುಯೇಟ್’ ಕಲಸ್ರಿ. ಅಪಾಯದ ಜಾಗಾದಿಂದ ಮಂದೀನ್ನ ಗಟ್ಟಿ ಜಾಗಾಕ್ಕ ಕರಕೊಂಡು ಹೋಗೂದು. 2019ರ ಆಗಸ್ಟಿನ್ಯಾಗ ಕೃಷ್ಣಾ, ದೂಧಗಂಗಾ, ವೇದಗಂಗಾ ಒಮ್ಮೆಲೆ ಉಕ್ಕಿದಾಗ ಎಷ್ಟೋ ಮಕ್ಕಳು ದನಕರಾ ಸಮೇತ ಮನಿ ಬಿಟ್ಟು ಗಂಜಿ ಕೇಂದ್ರದಾಗ ಮಲಗಿದ್ವು. ಅವಕ್ಕ ಅನುಭವ ಮೊದಲ ಬಂತು, ಶಬ್ದ ಆಮ್ಯಾಲ ಬಂತು. ಅಂಥಾ ಶಬ್ದ ಮರತು ಹೋಗೂದಿಲ್ರಿ.

ಕಬ್ಬಿನ ಮಾತಂತೂ ಕೇಳಬ್ಯಾಡ್ರಿ. ರಾಯಬಾಗ, ಕಾಗವಾಡ ಎಲ್ಲಾ ಕಡೆ ಕಬ್ಬ. ಉಗಾರದ ಸಕ್ಕರಿ ಕಾರ್ಖಾನಿ ಸುತ್ತ ಬೆಳದ ಹುಡುಗ್ರಿಗೆ ‘ಮೊಲಾಸಿಸ್’ ಅಂದ್ರ ಕಾಕಂಬಿ ಅಂದ್ರ ಮುಗೀತು, ಮೂಗಿಗೇ ತಿಳೀತೈತಿ. ಆದ್ರ ಅಲ್ಲೇ ನಿಲ್ಲಬಾರದು. ಕಪ್ಪಗ, ದಪ್ಪಗ, ಸಿಹಿ ಇರೂ ರಸ, ಸಕ್ಕರಿ ತಗದ ಮ್ಯಾಲ ಉಳೀತೈತಿ – ಇದನ್ನ ಆಕಿ ತನ್ನ ಸಣ್ಣ ಇಂಗ್ಲಿಷಿನ್ಯಾಗ ಹೇಳಬೇಕು. ‘ಥಿಕ್’, ‘ಡಾರ್ಕ್’, ‘ಸ್ವೀಟ್’, ‘ಲೆಫ್ಟ್’. ನಾಲ್ಕು ಸಣ್ಣ ಶಬ್ದ ಹಚ್ಚಿ ಒಂದು ದೊಡ್ಡ ಶಬ್ದ ಹಿಡದ್ಲು ಅಂದ್ರ ಆ ನಾಲ್ಕೂ ಆಕೀವ ಆದ್ವು. ‘ಮೈಗ್ರೇಟ್’ ಬಂತಂದ್ರ ಹಂಗಾಮಿನ್ಯಾಗ ಬೀಡ ಜಿಲ್ಲಾದಿಂದ ಕಬ್ಬ ಕಡ್ಯಾಕ ಬರೂ ಟೋಳಿ ತೋರಸ್ರಿ. ಆ ಟೋಳಿ ಮಕ್ಕಳದೂ ಸಾಲಿ ತಪ್ಪತೈತಿ, ಅದು ನನಗ ಭಾಳ ಸಂಕಟದ ಸಂಗತಿ. ಅವಕ್ಕೂ ಒಂದು ವಹಿ ಕೊಡೂ ದಾರಿ ಹುಡಕಬೇಕ್ರಿ.

ಮನಿ ಮಾತು ಬಿಡಬೇಕು ಅಂತ ನಾ ಹೇಳೂದಿಲ್ಲ. ಕೆಲವರು ಇಂಗ್ಲಿಷ್ ತಾಸಿನ್ಯಾಗ ಕನ್ನಡ ಬಾಯಿಗೆ ಬರಬಾರದು ಅಂತಾರ, ಅದು ಕೂಸಿನ ಕಾಲು ಕಟ್ಟಿದಂಗ. ಅಥಣಿಯೊಳಗ, ಮದಭಾವಿಯೊಳಗ ಚಪ್ಪಲ್ ಮಾಡೂ ಮನ್ಯಾಗ ತೊಗಲಿಗೆ ಜಾಲಿ ತೊಗಟಿ, ಅಳಲಿಕಾಯಿ ಹಾಕಿ ಹದಾ ಮಾಡತಾರಲ್ಲ, ಇಂಗ್ಲಿಷಿನ ‘ಟ್ಯಾನ್’ ಅಂದ್ರ ಅದ. ಆ ಮನಿ ಹುಡುಗ ‘ಹದಾ ಮಾಡೂದು’ ಅಂತ ಬರಕೊಳ್ಳಲಿ. ಮರಾಠಿಯೊಳಗ ಬರಕೊಂಡ್ರೂ ನಡೀತೈತಿ. ಗೈಡಿನ ಭಾರೀ ಶಬ್ದ ಮಾತ್ರ ಬ್ಯಾಡ. 2019ರಾಗ ಕೊಲ್ಹಾಪುರಿ ಚಪ್ಪಲ್ಲಿಗೆ ಕರ್ನಾಟಕ, ಮಹಾರಾಷ್ಟ್ರ ಎರಡೂ ರಾಜ್ಯ ಸೇರಿಸಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕೈತಿ, ನಮ್ಮ ಬೆಳಗಾವಿ ಜಿಲ್ಲಾನೂ ಅದರಾಗ ಐತಿ. ನಾಳೆ ಹೊರದೇಶದ ಗಿರಾಕಿ ಕೇಳಿದ್ರ ಆ ಹುಡುಗನ ನಾಲ್ಕು ಸಾಲು ಇಂಗ್ಲಿಷಿನ್ಯಾಗ ಹೇಳಲಿ ಅಂತ ನನ್ನ ಆಸೆ.

ಹಿಂಗ್ ಮಾಡೂಣ್ರಿ. ಐತವಾರ ಆಕೀನ್ನ ಕಳಸ್ರಿ, ಓಣ್ಯಾಗಿನ ಬ್ಯಾರೆ ಹುಡುಗ್ರೂ ಬರಲಿ. ವಹಿಯೊಳಗ ಮೂರು ಮನಿ ಹಾಕಸ್ತೀನಿ: ಒಂದರಾಗ ಶಬ್ದ, ಒಂದರಾಗ ಮನಿ ಮಾತು, ಮೂರನೇದರಾಗ ಆಕಿಯ ಸ್ವಂತ ಇಂಗ್ಲಿಷ್ ವಾಕ್ಯ. ‘ವಿಪುಲ’ ಹೊಡದು ಹಾಕಿ, ‘ಅಬಂಡಂಟ್’ ಮುಂದ ಏನ್ ಬರೀತಾಳ ಅಂತ ಆಕೀನ್ನೇ ಕೇಳೂಣು.