ನಿತ್ಯವಾಹನ ಇಂಧನದ್ವಯ ಮೀಮಾಂಸೆ: ಕೆಲವು ತಾತ್ವಿಕ ಅನುಸಂಧಾನಗಳು

ಕಾರು ಕೊಳ್ಳಲು ಹೊರಟ ಗೃಹಸ್ಥನಿಗೆ ಎದುರಾಗುವ 'ಡೀಸೆಲೋ ಪೆಟ್ರೋಲೋ' ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ಕೂಡಿ ಕಳೆಯುವ ಲೆಕ್ಕದಂತೆ ಕಂಡರೂ, ಮದುವೆ ಛತ್ರಗಳ ಊಟದ ಪಂಕ್ತಿಗಳಲ್ಲಿ, ಬಂಕುಗಳ ಗಾಳಿ ಹಿಡಿಯುವ ಮೂಲೆಗಳಲ್ಲಿ, ಅಪಾರ್ಟ್‌ಮೆಂಟುಗಳ ಪಾರ್ಕಿಂಗ್ ನೆಲಮಾಳಿಗೆಗಳಲ್ಲಿ ಅದು ಪಡೆದುಕೊಂಡಿರುವ ತಾತ್ವಿಕ ಆಳವನ್ನು ಗಮನಿಸಿದರೆ, ಅದನ್ನು ಬಹುಶಿಸ್ತೀಯ ಪರಿಪ್ರೇಕ್ಷ್ಯದಲ್ಲಿ ಮರು-ಓದಿಗೆ ಒಳಪಡಿಸುವ ತುರ್ತು ಮನದಟ್ಟಾಗುತ್ತದೆ. 'ಮರು-ಓದು' ಎಂದರೆ ಮೊದಲ ಸಲವೂ ಓದದಿದ್ದುದನ್ನು ಎರಡನೆಯ ಸಲ ಓದಿದಂತೆ ಬರೆಯುವುದು. 'ಬಹುಶಿಸ್ತೀಯ' ಎಂದರೆ ಒಂದು ಶಿಸ್ತಿನಲ್ಲಿಯೂ ಪ್ರಶ್ನೆ ಕೇಳುವವರು ಸಿಗದಂತೆ ನೋಡಿಕೊಳ್ಳುವುದು.

ಜ್ಞಾನದ ಪ್ರಾಮಾಣ್ಯವು ಸ್ವತಃ ಬರುವುದೋ ಪರತಃ ಬರುವುದೋ ಎಂದು ಮೀಮಾಂಸಕರು ನಡೆಸಿದ ಹಳೆಯ ವಾದವು ಸಿಲಿಂಡರಿನೊಳಗೆ ಇಂದಿಗೂ ಮುಂದುವರಿದಿದೆ. ಪೆಟ್ರೋಲ್ ಎಂಜಿನ್ ಪರತಃಪ್ರಜ್ವಲನವಾದಿ, ಅಂದರೆ ಅದರಲ್ಲಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಸುಮಾರು ಹತ್ತನೆಯ ಒಂದು ಭಾಗಕ್ಕೆ ಒತ್ತಿದ ಮೇಲೂ ಹೊರಗಿನಿಂದ ಸ್ಪಾರ್ಕ್ ಪ್ಲಗ್ಗು ಕಿಡಿ ಕೊಡಬೇಕು. ಡೀಸೆಲ್ ಎಂಜಿನ್ ಸ್ವತಃಪ್ರಜ್ವಲನವಾದಿ. ಅದು ಬರಿಯ ಗಾಳಿಯನ್ನೇ ಹದಿನಾರನೆಯ ಅಥವಾ ಇನ್ನೂ ಕಡಿಮೆ ಭಾಗಕ್ಕೆ ಹಿಂಡಿ, ಹಾಗೆ ಕಾದ ಗಾಳಿಗೆ ನಾಜಲ್ಲಿನಿಂದ ಎಣ್ಣೆ ಚಿಮ್ಮಿಸಿದರೆ ಕಿಡಿಯ ಹಂಗಿಲ್ಲದೆ ಹೊತ್ತಿಕೊಳ್ಳುತ್ತದೆ. ಮೊದಲನೆಯ ದರ್ಶನವನ್ನು ನಿಕೋಲಸ್ ಒಟ್ಟೊ 1876ರಲ್ಲಿಯೂ ಎರಡನೆಯದನ್ನು ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿಯೂ ಓಡಿಸಿ ತೋರಿಸಿದರು. ಡೀಸೆಲ್ 1913ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ಕಾಣೆಯಾದುದು ಹೇಗೆಂಬುದು ಇನ್ನೂ ಇತ್ಯರ್ಥವಾಗಿಲ್ಲವಾದ್ದರಿಂದ, ಡೀಸೆಲ್ ಚರ್ಚೆಗಳೆಲ್ಲ ಮುಗಿಯದೆ ಉಳಿಯುವುದಕ್ಕೆ ಇದೇ ಮೂಲವೆಂದು ಸಾಧಿಸಿ ಯಾರಾದರೂ ಪಿಎಚ್‌.ಡಿ. ಪಡೆಯಲು ಅವಕಾಶವಿದೆ.

ಕನ್ನಡದ ಯಾವ ಸಂಶೋಧನೆಯೂ ಮಾರ್ಗ-ದೇಸಿಗಳನ್ನು ಹಾಯದೆ ಎರಡನೆಯ ಅಧ್ಯಾಯ ತಲುಪಕೂಡದೆಂಬ ಅಲಿಖಿತ ನಿಯಮವನ್ನು ಗೌರವಿಸಿ, ಇಲ್ಲಿ ಪೆಟ್ರೋಲನ್ನು ಮಾರ್ಗವೆಂದೂ ಡೀಸೆಲನ್ನು ದೇಸಿಯೆಂದೂ ಗುರುತಿಸಲಾಗಿದೆ. ಸದ್ದು ಕಡಿಮೆ, ನಡೆ ನಯ, ಕಸುವು ತೋರಲು ಎಂಜಿನ್ ಜೋರಾಗಿ ತಿರುಗಬೇಕು ಎಂಬ ಪೆಟ್ರೋಲಿನ ಲಕ್ಷಣಗಳಲ್ಲಿ ಆಸ್ಥಾನದ ಗತ್ತಿದ್ದರೆ, ಟಾರ್ಕ್ ಎಂಬ ತಿರುಚುಬಲವನ್ನು ಕೆಳಗಿನ ಸುತ್ತುಗಳಲ್ಲಿಯೇ ಕೊಟ್ಟು, ಏಳು ಜನ ಮತ್ತು ಕ್ಯಾರಿಯರ್ ಮೇಲಿನ ಲಗೇಜು ಸಮೇತ ಚಾರ್ಮಾಡಿ ಘಾಟಿ ಹತ್ತುವ ಡೀಸೆಲಿನಲ್ಲಿ ಜಾನಪದ ಕಸುವಿದೆ. ಒಂದು ಕಾಲಕ್ಕೆ ನಮ್ಮ ರಸ್ತೆಗಳಲ್ಲಿ ಓಡಾಡಿದ ಎನ್‌ಫೀಲ್ಡ್ ಡೀಸೆಲ್ ಬುಲೆಟ್ 325 ಸಿಸಿಯ ಎಂಜಿನ್ ಹೊತ್ತೂ ಕೇವಲ ಆರೂವರೆ ಅಶ್ವಶಕ್ತಿ ಕೊಡುತ್ತಿದ್ದುದರಿಂದ ಅದು ಮಾರ್ಗಕ್ಕೂ ಸೇರದೆ ದೇಸಿಗೂ ಸೇರದೆ ಹೊಗೆಯೆಂಬ ಮೂರನೆಯ ಪ್ರಕಾರವಾಗಿ ಪರಿಗಣಿತವಾಗಿದೆ.

ವಾದಿಗಳಲ್ಲಿ ಐದು ವರ್ಗಗಳು. ಮೈಲೇಜ್‌ವಾದಿಗೆ 'ಎಷ್ಟು ಕೊಡುತ್ತೆ?' ಎಂಬುದೊಂದೇ ಪ್ರಮಾಣ. ಅವನು ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿದು ಮಂಗಳೂರು ಮುಟ್ಟಿದಾಗ ಬಂದ ಅಂಕಿಯನ್ನು ಆಯುಷ್ಯವಿಡೀ ಹೇಳುತ್ತಾನೆಯೇ ಹೊರತು ಘಾಟಿ ಹತ್ತಿ ವಾಪಸಾದ ದಿನದ್ದನ್ನು ಹೇಳುವುದಿಲ್ಲ. ಪಿಕಪ್‌ವಾದಿಯು ಮುಂದಿನ ಸಿಗ್ನಲ್ಲಿನಲ್ಲಿ ಹೇಗೂ ನಿಲ್ಲಬೇಕಾದವನಾದರೂ ಅಲ್ಲಿಗೆ ಎಲ್ಲರಿಗಿಂತ ಮೊದಲು ಹೋಗಿ ನಿಲ್ಲಬಯಸುತ್ತಾನೆ. ರೀಸೇಲ್‌ವಾದಿಯು ಕಾರನ್ನು ಕೊಳ್ಳುವುದಕ್ಕೆ ಮುಂಚೆಯೇ ಮನಸ್ಸಿನಲ್ಲಿ ಮಾರಿರುತ್ತಾನೆ. ಈ ಮೂವರೂ ಒಬ್ಬನೇ ಭಾವಮೈದುನನಲ್ಲಿ ಏಕಕಾಲಕ್ಕೆ ನೆಲೆಸಿರುವುದು ಕ್ಷೇತ್ರಕಾರ್ಯದಲ್ಲಿ ಕಂಡುಬಂದುದರಿಂದ, ಉಳಿದೆರಡು ವರ್ಗಗಳನ್ನು ವಿವರಿಸುವ ಉತ್ಸಾಹ ಪ್ರಬಂಧಕ್ಕೆ ಉಳಿದಿಲ್ಲ.

ಲೆಕ್ಕವಾದರೋ ಸರಳ. ಪೆಟ್ರೋಲ್ ಲೀಟರಿಗೆ 103 ರೂಪಾಯಿ ಮತ್ತು 15 ಕಿಲೋಮೀಟರು, ಡೀಸೆಲ್ 91 ರೂಪಾಯಿ ಮತ್ತು 20 ಕಿಲೋಮೀಟರು ಎಂದಿಟ್ಟುಕೊಂಡರೆ ಕಿಲೋಮೀಟರಿಗೆ ಉಳಿಯುವುದು ಎರಡೂಕಾಲು ರೂಪಾಯಿಯ ಮೇಲೆ ಸ್ವಲ್ಪ. ಡೀಸೆಲ್ ಕಾರಿಗೆ ಒಂದೂವರೆ ಲಕ್ಷ ಹೆಚ್ಚು ತೆತ್ತಿದ್ದರೆ ಅದು ವಾಪಸು ಬರುವ ಹೊತ್ತಿಗೆ ಸುಮಾರು 65,000 ಕಿಲೋಮೀಟರು ಓಡಿರಬೇಕು. ದಿನಕ್ಕೆ ಇನ್ನೂರು ಕಿಲೋಮೀಟರು ತಿರುಗುವ ಬಾಡಿಗೆ ಗಾಡಿ ಅದನ್ನು ಒಂದು ವರ್ಷದೊಳಗೆ ದಾಟುತ್ತದೆ. ಆಫೀಸಿಗೆ ಹೋಗಿ ಬರುವ ಇಪ್ಪತ್ತು ಕಿಲೋಮೀಟರಿನ ಗೃಹಸ್ಥನಿಗೆ ಹತ್ತಿರಹತ್ತಿರ ಒಂಬತ್ತು ವರ್ಷ ಬೇಕು. ಆ ಒಂಬತ್ತು ವರ್ಷಗಳಲ್ಲಿ ಅವನು ಡಿಪಿಎಫ್ ಎಂಬ ಮಸಿ ಹಿಡಿಯುವ ಜರಡಿಯನ್ನೂ ಸಾಕಬೇಕು. ಸೈಲೆನ್ಸರಿನ ದಾರಿಯಲ್ಲಿ ಕೂತ ಈ ಜರಡಿಗೆ ಸಿಕ್ಕ ಮಸಿ ಸುಟ್ಟುಹೋಗಲು ಹೊಗೆ ಚೆನ್ನಾಗಿ ಕಾಯಬೇಕು, ಕಾಯಲು ಗಾಡಿ ಒಂದೇ ವೇಗದಲ್ಲಿ ಹದಿನೈದಿಪ್ಪತ್ತು ನಿಮಿಷ ಓಡಬೇಕು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅದು ಸಾಧ್ಯವಿಲ್ಲವಾಗಿ, ಮೀಟರಿನ ಪಕ್ಕದಲ್ಲಿ ಹಳದಿ ದೀಪ ಹೊತ್ತಿದ ಭಾನುವಾರ ಕುಟುಂಬವು ಯಾವ ಕೆಲಸವೂ ಇಲ್ಲದೆ ತುಮಕೂರು ರಸ್ತೆಯಲ್ಲಿ ಹೋಗಿ ತಟ್ಟೆ ಇಡ್ಲಿ ತಿಂದು ಬರುತ್ತದೆ. ಎಣ್ಣೆ ಉಳಿಸಲೆಂದು ಕೊಂಡ ಕಾರಿಗಾಗಿ ಹೀಗೆ ಎಣ್ಣೆ ಸುಡುವುದನ್ನು ಶಾಸ್ತ್ರದಲ್ಲಿ 'ಇಂಧನನಿಷ್ಠ ನಿಷ್ಕಾಮಕರ್ಮ' ಎನ್ನಲಾಗುತ್ತದೆ.

ಈ ಲೆಕ್ಕವನ್ನಾದರೂ ಕೊಳ್ಳುವವನ ಕೈಗೆ ಬಿಟ್ಟಿದ್ದರೆ ಇಷ್ಟು ಬರೆಯುವ ಕಾರಣವಿರಲಿಲ್ಲ. ಸರ್ಕಾರವು 2010ರ ಜೂನ್‌ನಲ್ಲಿ ಪೆಟ್ರೋಲ್ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟು, ರೈತನ ಟ್ರ್ಯಾಕ್ಟರು, ಬಡವನ ಬಸ್ಸು ಎಂಬ ಹೆಸರಿನಲ್ಲಿ ಡೀಸೆಲ್ ಬೆಲೆಯನ್ನು 2014ರ ಅಕ್ಟೋಬರ್‌ವರೆಗೆ ಹಿಡಿದಿಟ್ಟುಕೊಂಡಿತು. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ 73 ರೂಪಾಯಿ ದಾಟಿದಾಗ ಡೀಸೆಲ್ 41 ರೂಪಾಯಿಯೊಳಗಿತ್ತು. ರೈತನ ಹೆಸರಿನ ಆ ರಿಯಾಯಿತಿಯನ್ನು ಎರಡು ಟನ್ನಿನ ಎಸ್‌ಯುವಿಗಳು ಟ್ಯಾಂಕ್ ತುಂಬ ಕುಡಿದವು. ಅದರ ಮುಂದಿನ ತಿಂಗಳೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಇಲ್ಲಿ ಯಾರ ನಿದ್ದೆಯೂ ಕೆಡಲಿಲ್ಲ. 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ದೆಹಲಿಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗಳು ಓಡಕೂಡದೆಂದಿತು, 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು, 2025ರ ಆಗಸ್ಟ್‌ನಲ್ಲಿ ಅದೇ ಕೋರ್ಟು ಸದ್ಯಕ್ಕೆ ಬಲವಂತದ ಕ್ರಮ ಬೇಡವೆಂದಿತು. ಈ ನಡುವೆ ಸಾಲದ ಕಂತು ಕಟ್ಟುತ್ತ ಗಾಡಿಯನ್ನು ಗುಜರಿಗೆ ಕೊಟ್ಟವನಿಗೆ ಯಾವ ಆದೇಶವೂ ಗಾಡಿಯನ್ನು ಮರಳಿ ಕೊಡುವುದಿಲ್ಲ. 2020ರ ಏಪ್ರಿಲ್‌ನಲ್ಲಿ ಬಂದ, ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬೇಕಾಗಿದ್ದ ನಿಯಮವೇ. ಆದರೆ ಅದರ ಖರ್ಚು ತಾಳದೆ ಮಾರುಕಟ್ಟೆಯಿಂದ ಹೋದದ್ದು ಹೆಚ್ಚಾಗಿ ಸಣ್ಣ ಡೀಸೆಲ್ ಕಾರುಗಳು, ಉಳಿದುಕೊಂಡದ್ದು ಹೆಚ್ಚಾಗಿ ದೊಡ್ಡವು.

ಹೀಗಿದ್ದೂ ಛತ್ರದ ಪಂಕ್ತಿಯಲ್ಲಿ ಪಾಯಸ ಬರುವವರೆಗೆ ನಡೆಯುವ ವಾದದಲ್ಲಿ ಎರಡೂ ಕೊಳ್ಳದವನ ಸುದ್ದಿ ಬರುವುದಿಲ್ಲ. ಮುಖಕ್ಕೆ ಕರ್ಚೀಫು ಕಟ್ಟಿ ಸರ್ಕಲ್ಲಿನಲ್ಲಿ ನಿಂತ ಟ್ರಾಫಿಕ್ ಪೇದೆ, ಬಸ್‌ಸ್ಟಾಪಿನಲ್ಲಿ ಕಡಲೆಕಾಯಿ ಹುರಿಯುವವಳು, ಲಾರಿಯ ಹಿಂದೆ ಸಿಕ್ಕಿಕೊಂಡ ಆಟೋದಲ್ಲಿ ಶಾಲೆಗೆ ಹೋಗುತ್ತಿರುವ ಮಕ್ಕಳು ಮೈಲೇಜನ್ನೂ ಕಾಣರು, ಪಿಕಪ್ಪನ್ನೂ ಕಾಣರು. ಅವರ ಪಾಲಿಗೆ ಬರುವುದು ಹೊಗೆಯಷ್ಟೇ. ಪೆಟ್ರೋಲೂ ನಿರಪರಾಧಿಯಲ್ಲ, ಡೀಸೆಲಿನ ಅಪರಾಧ ಕಣ್ಣಿಗೆ ಕಾಣುವಂಥದ್ದು. ಕಾಣದ್ದೂ ಒಂದಿದೆ: ತಪಾಸಣೆಯ ಹೊತ್ತಿಗೆ ಮಾತ್ರ ಸಾಚಾ ಆಗುವ ತಂತ್ರಾಂಶವನ್ನು ಫೋಕ್ಸ್‌ವ್ಯಾಗನ್ ಕಂಪನಿಯು ಜಗತ್ತಿನ ಸುಮಾರು 1 ಕೋಟಿ 10 ಲಕ್ಷ ಡೀಸೆಲ್ ಕಾರುಗಳಲ್ಲಿ ಅಡಗಿಸಿಟ್ಟಿದ್ದುದು 2015ರಲ್ಲಿ ಬಯಲಾದಾಗ, ಅದು ಮರೆಮಾಚಿದ್ದು ನೈಟ್ರೋಜನ್ ಆಕ್ಸೈಡುಗಳನ್ನು.

ಭಾರತದಲ್ಲಿ ಅಂಥ ತಂತ್ರಾಂಶದ ಶ್ರಮವೂ ಬೇಕಿಲ್ಲ. ಬಂಕಿನ ಪಕ್ಕದ ವ್ಯಾನಿನಲ್ಲಿ ಕೊಡುವ ಹೊಗೆ ತಪಾಸಣೆಯ ಪತ್ರವು ಡೀಸೆಲ್ ಗಾಡಿಯ ಹೊಗೆ ಎಷ್ಟು ದಟ್ಟ ಎಂಬುದನ್ನಷ್ಟೇ ಹೇಳುತ್ತದೆ. ನೈಟ್ರೋಜನ್ ಆಕ್ಸೈಡುಗಳಿಗೆ ಅದರಲ್ಲಿ ಕಾಲಂ ಇಲ್ಲ.