ಕ್ಯಾಂಪ್ ನಂಬರ್ ಮೂರರ ವ್ಯಾಕರಣ

ಭಾಷೆ ಕಲಿಯುವವರಲ್ಲಿ ಎರಡು ಜಾತಿ. ಬಾಯಿಬಿಟ್ಟು ಕಲಿಯುವವರದು ಒಂದು. ಬಾಯಿಬಿಡುವ ದಿನವನ್ನು ಮುಂದೂಡುವುದಕ್ಕಾಗಿಯೇ ಕಲಿಯುವವರದು ಇನ್ನೊಂದು. ಪದವೀಧರರು ಸಾಮಾನ್ಯವಾಗಿ ಎರಡನೆಯದರಲ್ಲೇ ಸಿಗುತ್ತಾರೆ. ನಾನೂ ಅಲ್ಲಿಯವನೇ. ‘ಮೂವತ್ತು ದಿನಗಳಲ್ಲಿ’ ಎಂದು ಶುರುವಾಗುವ ಪುಸ್ತಕ ತರುತ್ತೇವೆ, ಅದಕ್ಕೆ ರಟ್ಟು ಹಾಕಿಸುತ್ತೇವೆ, ಕ್ರಿಯಾಪದಗಳಿಗೆ ಗೆರೆ ಎಳೆದು ಮನೆ ಕಟ್ಟಿಕೊಡುತ್ತೇವೆ. ರಿಕ್ಷಾದವನು ‘ಕುಠೇ?’ ಎಂದರೆ ಮಾತ್ರ ಬೆರಳು ತೋರಿಸುತ್ತೇವೆ.

ಬ್ಯಾಂಕಿನವರು ಹುಬ್ಬಳ್ಳಿಯಿಂದ ಉಲ್ಹಾಸನಗರಕ್ಕೆ ಎತ್ತಿಹಾಕಿದಾಗ ನನ್ನ ಟ್ರಂಕಿನಲ್ಲಿ ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ಸರ್ಟಿಫಿಕೇಟುಗಳಿದ್ದವು. 1918ರಲ್ಲಿ ಗಾಂಧೀಜಿ ಆರಂಭಿಸಿದ ಈ ಕೆಲಸದಿಂದ ದಕ್ಷಿಣದ ಮನೆಮನೆಗೂ ಹಿಂದಿ ಬಂತು ಎನ್ನುತ್ತಾರೆ. ಬಂದದ್ದು ನಿಜ, ಆದರೆ ಸ್ನಾನ ಮಾಡಿ ಮಡಿಯುಟ್ಟು ಬಂತು. ಆ ಹಿಂದಿಯಲ್ಲಿ ‘ಮಹೋದಯ, ಕೃಪಯಾ ಮುಝೇ ಉತರನೇ ದೀಜಿಯೇ’ ಎಂಬ ವಾಕ್ಯ ಪೂರ್ಣವಿರಾಮ ಮುಟ್ಟುವಷ್ಟರಲ್ಲಿ ಕರ್ಜತ್ ಲೋಕಲ್ ವಿಠ್ಠಲವಾಡಿ ದಾಟಿರುತ್ತದೆ. ಕಲ್ಯಾಣದ ಪ್ಲಾಟ್‌ಫಾರ್ಮಿನಲ್ಲಿ ನಡೆಯುವ ಹಿಂದಿಗೆ ಮೊಣಕೈಯೇ ಕ್ರಿಯಾಪದ.

ಹಿಂದಿ, ಮರಾಠಿ ಹೇಗೋ ಆದಾವು ಎಂದು ಬಂದವನಿಗೆ ಉಲ್ಹಾಸನಗರ ಮೂರನೆಯದನ್ನು ಮುಂದಿಟ್ಟಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಇದು ಕಲ್ಯಾಣದ ಸೈನಿಕ ಶಿಬಿರ. ದೇಶ ಒಡೆದಾಗ ಸಿಂಧ್ ಬಿಟ್ಟು ಬಂದವರನ್ನು ಸೈನಿಕರ ಖಾಲಿ ಬ್ಯಾರಕ್ಕುಗಳಲ್ಲಿ ಇಳಿಸಿದರು. 1949ರ ಆಗಸ್ಟ್ 8ರಂದು ರಾಜಾಜಿ ಇದಕ್ಕೆ ಊರಿನ ಪಟ್ಟ ಕಟ್ಟಿದರು. ಪಕ್ಕದ ಉಲ್ಹಾಸ ನದಿಯಿಂದ ಹೆಸರು ಬಂತು. ಸೈನಿಕರು ಹೋದರೂ ಅವರ ಲೆಕ್ಕ ಹೋಗಲಿಲ್ಲ. ಇಂದಿಗೂ ಇಲ್ಲಿನ ವಿಳಾಸ ಎಂದರೆ ಕ್ಯಾಂಪ್ ನಂಬರ್ ಒಂದರಿಂದ ಐದು. ನಮ್ಮ ಬಾಡಿಗೆ ಮನೆ ಮೂರರಲ್ಲಿ.

ನನ್ನ ಜಾತಿಯವರು ಮಾಡುವುದನ್ನೇ ಮಾಡಿದೆ: ಲಿಪಿಯಿಂದ ಆರಂಭಿಸಿದೆ. ಸಿಂಧಿಯನ್ನು ಅರಬ್ಬಿ ಮೂಲದ ಲಿಪಿಯಲ್ಲೂ ಬರೆಯುತ್ತಾರೆ, ದೇವನಾಗರಿಯಲ್ಲೂ ಬರೆಯುತ್ತಾರೆ. ಮೊದಲನೆಯದಕ್ಕೆ 52 ಅಕ್ಷರ. ಬ್ರಿಟಿಷರು ಅದನ್ನು ಗೊತ್ತುಮಾಡಿದ್ದು 1853ರಲ್ಲಿ. ಅದೇ ವರ್ಷವೇ ಕಿಟೆಲ್ ಸಾಹೇಬರು ಭಾರತಕ್ಕೆ ಬಂದು ನಮ್ಮ ಧಾರವಾಡ ಸೇರಿದ್ದು. ಒಂಬತ್ತೇ ವರ್ಷದಲ್ಲಿ ಕನ್ನಡದಲ್ಲಿ ‘ಕಥಾಮಾಲೆ’ ಬರೆದು, 1894ರ ಹೊತ್ತಿಗೆ ಎಪ್ಪತ್ತು ಸಾವಿರದಷ್ಟು ಪದಗಳ ನಿಘಂಟು ಕೊಟ್ಟರು. ಪುಸ್ತಕದ ಹುಳುಗಳಿಗೆ ಯಾರಾದರೂ ಮೂಲಪುರುಷ ಬೇಕಲ್ಲ. ಕಿಟೆಲ್ಲರ ಹೆಸರು ಹೇಳಿಕೊಂಡು ನಾನು ಅಲಿಫ್ ಬೇ ತಿದ್ದತೊಡಗಿದೆ. ಅವರು ಜನರ ನಡುವೆ ಓಡಾಡಿ ಪದ ಕೂಡಿಸಿದವರು ಎಂಬುದನ್ನು ಅನುಕೂಲಕ್ಕಾಗಿ ಬದಿಗಿಟ್ಟೆ.

ಬ್ಯಾಂಕಿನ ಕೌಂಟರಿನಲ್ಲಿ ವೃದ್ಧ ಗ್ರಾಹಕರೊಬ್ಬರು ನನ್ನ ಗುರುವಾದರು. ಅವರು ನೋಟು ಎಣಿಸುವುದು ಸಿಂಧಿಯಲ್ಲಿ. ಲೆಕ್ಕ ತಪ್ಪಬಾರದೆಂದಿದ್ದರೆ ಎಲ್ಲರೂ ತಾಯ್ನುಡಿಯಲ್ಲೇ ಎಣಿಸುತ್ತಾರೆ. ನಾನು ಗಾಜಿನ ಈಚೆ ‘ಒಂದು, ಎರಡು’, ಅವರು ಆಚೆ ‘ಹಿಕು, ಬ’. ನಾನೂ ಉತ್ಸಾಹದಿಂದ ‘ಬ’ ಎಂದೆ. ಅವರು ಎಣಿಕೆ ನಿಲ್ಲಿಸಿಬಿಟ್ಟರು. ‘ಅದು ಹಿಂದಿಯ ಬ. ನಮ್ಮ ಬ ಹೊರಗೆ ಹೋಗುವುದಿಲ್ಲ, ಒಳಗೆ ಬರುತ್ತದೆ.’ ಸಿಂಧಿಯಲ್ಲಿ ಗ, ಜ, ಡ, ಬ ನಾಲ್ಕಕ್ಕೂ ಹೀಗೊಂದು ಜೋಡಿಯುಂಟು. ಉಸಿರನ್ನು ಒಳಗೆ ಎಳೆದುಕೊಂಡು ಉಚ್ಚರಿಸಬೇಕು. ದೇವನಾಗರಿಯಲ್ಲಿ ಬರೆಯುವಾಗ ಅಕ್ಷರದ ಕೆಳಗೆ ಗೆರೆ ಹಾಕುತ್ತಾರೆ. ಗೆರೆ ಹಾಕುವುದು ಸುಲಭ. ಗಂಟಲಿಗೆ ಹೇಗೆ ಹಾಕುವುದು? ಅಜ್ಜ ತೋರಿಸಿದರು. ಹಿಂದೆ ನಿಂತಿದ್ದ ಹಪ್ಪಳದ ವ್ಯಾಪಾರಿ ‘ಹಾಗಲ್ಲ, ಹೀಗೆ’ ಎಂದ. ಅವನ ಹಿಂದಿನ ಹೆಂಗಸು ಇಬ್ಬರನ್ನೂ ತಿದ್ದಿದಳು. ಕ್ಷಣದಲ್ಲಿ ಇಡೀ ಸಾಲು ನೀರಿಲ್ಲದೆ ಮಾತ್ರೆ ನುಂಗುವವರ ಹಾಗೆ ಕುತ್ತಿಗೆ ಆಡಿಸತೊಡಗಿತು. ಮ್ಯಾನೇಜರು ಬಾಗಿಲಿಗೆ ಬಂದು, ಯಾರಿಗಾದರೂ ಆರಾಮಿಲ್ಲವೇ ಎಂದು ವಿಚಾರಿಸಿದರು.

ಇದನ್ನೆಲ್ಲ ಮೇಜಿನ ಮುಂದೆ ಕೂತು ಶಾಸ್ತ್ರೀಯವಾಗಿ ಕಲಿಸುವ ಏರ್ಪಾಡೂ ಇದೆ, ಅದೂ ನಮ್ಮ ಮೈಸೂರಿನದೇ. 1969ರಲ್ಲಿ ಅಲ್ಲಿ ಶುರುವಾದ ಭಾರತೀಯ ಭಾಷಾ ಸಂಸ್ಥಾನದ ಪುಣೆ ಕೇಂದ್ರದಲ್ಲಿ ಶಿಕ್ಷಕರಿಗೆ ಹತ್ತು ತಿಂಗಳ ಸಿಂಧಿ ಪಾಠವಿದೆ. ಹತ್ತು ತಿಂಗಳ ರಜೆ ಕೇಳಿದರೆ ನಮ್ಮ ಮ್ಯಾನೇಜರು ಯಾವ ಭಾಷೆಯಲ್ಲಿ ಉತ್ತರಿಸುತ್ತಾರೆಂದು ಗೊತ್ತಿದ್ದುದರಿಂದ ನಾನು ಅರ್ಜಿ ಹಾಕಲಿಲ್ಲ.

ಮರ್ಯಾದೆಯ ಹಂಗಿಲ್ಲದೆ ಕಲಿತವರನ್ನು ನೋಡಬೇಕೆಂದರೆ ಗಜಾನನ ಮಾರ್ಕೆಟ್ಟಿಗೆ ಹೋಗಬೇಕು. ನಾನೂ ಹೆಂಡತಿಯೂ ಅಂಗಡಿಯೊಂದರ ಮುಂದೆ ಬೆಲೆ ಹೆಚ್ಚಾಯಿತೆಂದು ಪಿಸುಗುಟ್ಟಿದ್ದಷ್ಟೇ, ಒಳಗಿನಿಂದ ‘ಬನ್ನಿ ಅಕ್ಕಾ, ಬನ್ನಿ, ಕಮ್ಮಿ ಮಾಡ್ತೀನಿ’ ಎಂದು ಕನ್ನಡ ತೇಲಿಬಂತು. ವ್ಯಾಪಾರಿಯ ಕನ್ನಡಕ್ಕೆ ಅದರದೇ ವ್ಯಾಕರಣ. ನೋಡಿ, ತಗೊಳ್ಳಿ, ಕೊಡಿ — ಎಲ್ಲ ಆಜ್ಞಾರ್ಥಕ. ಅಂಕಿಗಳು ಸ್ಫುಟ. ಭೂತಕಾಲ ಇಲ್ಲವೇ ಇಲ್ಲ. ಮರುವಾರ, ಒಂದೇ ನೀರಿಗೆ ಬಣ್ಣ ಬಿಟ್ಟ ಸೀರೆಯನ್ನು ಹಿಡಿದು ಹೋಗಿ ‘ಇದನ್ನು ನೀವೇ ಕೊಟ್ಟದ್ದಲ್ಲವೇ?’ ಎಂದಾಗ ಅದು ತಿಳಿಯಿತು. ಅವನ ಕನ್ನಡ ಅಲ್ಲಿಗೆ ಮುಗಿದಿತ್ತು. ಬೇಕಾದಷ್ಟೇ ಕಲಿಯುವುದು ದೊಡ್ಡ ಜಾಣತನ. ಬೇಡವಾದಾಗ ಮರೆಯುವುದು ಅದಕ್ಕೂ ದೊಡ್ಡದು.

ಡೊಂಬಿವಲಿಯ ಗೆಳೆಯನದು ಬೇರೆ ದಾರಿ. ಅವನು ಮರಾಠಿ ಕಲಿತದ್ದು ಬೆಳಗಿನ ಲೋಕಲ್‌ನ ಭಜನಾ ಮಂಡಳಿಯಲ್ಲಿ. ತಾಳ ಹಿಡಿದು ನಿಂತರೆ ಸಾಲು ತಾನೇ ಬಾಯಿಗೆ ಬರುತ್ತದೆ. ನಡುವೆ ರೈಲು ಮೂರು ಭಾಷೆಗಳಲ್ಲಿ ‘ಪುಢೀಲ್ ಸ್ಟೇಶನ್, ಅಗ್ಲಾ ಸ್ಟೇಶನ್, ನೆಕ್ಸ್ಟ್ ಸ್ಟೇಷನ್’ ಎಂದು ಅರ್ಥಸಹಿತ ಪಾಠ ಹೇಳುತ್ತದೆ. ಹೀಗಾಗಿ ಅವನ ಮರಾಠಿಯಲ್ಲಿ ಇರುವುದು ವಿಠ್ಠಲ, ವೈರಾಗ್ಯ ಮತ್ತು ಮುಂದಿನ ನಿಲ್ದಾಣ. ಇಷ್ಟರಲ್ಲಿ ಸಂಸಾರ ಹೇಗೆ ನಡೆಯುತ್ತದೆಂದು ನಕ್ಕಿದ್ದೆ. ಅವನು ತರಕಾರಿಯವನನ್ನು ‘ಮಾವುಲೀ’ ಎಂದು ಕರೆದ. ಕೊತ್ತಂಬರಿ ಪುಕ್ಕಟೆ ಬಂತು. ಇನ್ನೊಬ್ಬ ಸಹೋದ್ಯೋಗಿ ಹಿಂದಿಯನ್ನು ಪೂರ್ತಿ ಕಲಿತದ್ದು ದೂರದರ್ಶನದಲ್ಲಿ 1988ರಿಂದ 1990ರವರೆಗೆ ಬಂದ ಚೋಪ್ರಾ ಅವರ ‘ಮಹಾಭಾರತ’ದಿಂದ. ರಿಕ್ಷಾದವನಿಗೆ ಆತ ‘ಭ್ರಾತಾಶ್ರೀ’ ಎನ್ನುತ್ತಾನೆ. ಮೀಟರಿನ ಜಗಳವೂ ಅವನ ಬಾಯಲ್ಲಿ ಧರ್ಮಯುದ್ಧವಾಗುತ್ತದೆ, ಆದ್ದರಿಂದ ಯಾರೂ ಜಗಳಕ್ಕೆ ಹೋಗುವುದಿಲ್ಲ.

ಇವರೆಲ್ಲರನ್ನೂ ಮೀರಿಸಿದವರು ನಮ್ಮತ್ತೆ. ಮಗಳ ಬಾಣಂತನಕ್ಕೆಂದು ಗದಗಿನಿಂದ ಬಂದವರು. ಭಾಷೆ ಕಲಿಯಬೇಕೆಂಬ ವಿಚಾರ ಅವರ ತಲೆಯ ಹತ್ತಿರವೂ ಸುಳಿಯಲಿಲ್ಲ. ಹಾಲಿನವ, ಹೂವಿನವ, ಮುನಿಸಿಪಾಲಿಟಿಯವ, ಎಲ್ಲರಿಗೂ ಒಂದೇ ಗದಗಿನ ಕನ್ನಡ, ಸ್ವಲ್ಪ ಎತ್ತರಿಸಿದ ದನಿಯಲ್ಲಿ. ಎದುರು ಮನೆಯ ಸಿಂಧಿ ಅಜ್ಜಿ ಮರುದಿನ ಬೆಳಿಗ್ಗೆ ಬಾಗಿಲಿಗೆ ಬಂದು, ಅವರ ರೂಢಿಯಂತೆ ಕ್ಷೇಮ ಕೇಳಿದರು: ‘ಛಾ ಹಾಲು ಆಹೇ?’ ಹೇಗಿದ್ದೀರಿ ಎಂದು. ಹಳೆಯ ಸಿಂಧಿಗಳು ನಮ್ಮ ಹಾಗೆಯೇ ಮಾತಿನ ಕೊನೆಯ ಸ್ವರ ಬಿಡುವುದಿಲ್ಲ. ಹಾಲ್ ಅಲ್ಲ, ಹಾಲು. ಗದಗಿನವರಿಗೆ ಚಾ ಗೊತ್ತು, ಹಾಲು ಗೊತ್ತು, ‘ಆಹೇ’ ಎಂದರೆ ಇದೆ ಎಂಬಷ್ಟು ಮರಾಠಿಯೂ ಗೊತ್ತು. ಅತ್ತೆ ಒಳಗೆ ಬಂದು, ‘ಪಾಪ, ಮುಂಜಾನೆ ಎದ್ದು ಚಾ ಹಾಲು ಕೇಳಾಕ ಬಂದಾಳ’ ಎಂದು ಒಲೆ ಹೊತ್ತಿಸಿ, ಏಲಕ್ಕಿ ಜಜ್ಜಿ ಹಾಕಿ ಗಟ್ಟಿ ಚಾ ಮಾಡಿ ಕೊಟ್ಟರು. ಕ್ಷೇಮ ಕೇಳಿದವರಿಗೆ ಚಾ ಕೊಡುವ ಜನ ಎಂದು ಅಜ್ಜಿಗೆ ಕನ್ನಡಿಗರ ಮೇಲೆ ಗೌರವ ಹುಟ್ಟಿತು. ಮರುದಿನವೂ ಕ್ಷೇಮ ಕೇಳಿದರು. ಅದರ ಮರುದಿನವೂ.

ನಾನು ತಿದ್ದಬಹುದಿತ್ತು. ಆದರೆ ಚಾದ ಜೊತೆಗೆ ಆ ಕಡೆಯಿಂದ ಕೋಕಿ, ದಾಲ್ ಪಕ್ವಾನ್ ಬರತೊಡಗಿದ್ದವು. ಅಜ್ಜಿ ‘ಅದೀ’ ಎಂದು ಕರೆಯುವುದು, ಅತ್ತೆ ‘ಬರ್ರಿ ಅಕ್ಕಾರ, ಕುಂದರ್ರಿ’ ಎನ್ನುವುದು ನಡೆದೇ ಇತ್ತು. ಸೊಸೆಯರ ವಿಷಯದಲ್ಲಂತೂ ಇಬ್ಬರಿಗೂ ದುಭಾಷಿ ಬೇಕಾಗಲಿಲ್ಲ.

ಅತ್ತೆ ಊರಿಗೆ ಹೋದ ಮೇಲೆ ಒಂದು ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ನಾನು ಉಸಿರು ಒಳಗೆಳೆಯುವ ಅಕ್ಷರಗಳನ್ನೆಲ್ಲ ನೆನಪಿಸಿಕೊಂಡು ಒಂದು ಸಿಂಧಿ ವಾಕ್ಯವನ್ನು ಬಾಯೊಳಗೆ ಜೋಡಿಸುತ್ತ ಅಜ್ಜಿಗೆ ಚಾ ಮಾಡಿಕೊಟ್ಟೆ. ವಾಕ್ಯ ಹೊರಬೀಳುವ ಮುಂಚೆ ಅವರು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

‘ನೀರ ಭಾಳ ಆತಲ್ಲೋ ತಮ್ಮಾ,’ ಎಂದರು. ‘ನಿಮ್ಮತ್ತಿ ಯಾವಾಗ ಬರ್ತಾರ?’