ಬಾಲಛದ್ಮವೇಷ ಮೀಮಾಂಸೆ: ಒಂದು ಸಂಕಥನಾತ್ಮಕ ಅನುಸಂಧಾನ

ಕನ್ನಡ ಸಾಂಸ್ಕೃತಿಕ ಪರಿಪ್ರೇಕ್ಷ್ಯದಲ್ಲಿ ಒಂದನೇ ತರಗತಿಯ ಮಗುವಿಗೆ ಬಾಲ ಕಟ್ಟುವ ಕ್ರಿಯೆಯನ್ನು ವಿದ್ವಾಂಸರು ಈವರೆಗೆ ಸಮರ್ಪಕವಾಗಿ ಸಮಸ್ಯೀಕರಿಸಿಲ್ಲ. ಬಾಲವೆಂದರೆ ಹಳೆಯ ಕಾಲುಚೀಲಕ್ಕೆ ದಿನಪತ್ರಿಕೆ ತುರುಕಿ ಹೊಲಿದದ್ದು ಎಂಬ ಸರಳ ಗ್ರಹಿಕೆಯನ್ನು ಒಡೆದು, ಅದನ್ನು ದೇಹ, ಪಠ್ಯ ಹಾಗೂ ಸೇಫ್ಟಿ ಪಿನ್ನುಗಳ ಮುಖಾಮುಖಿಯ ನೆಲೆಯಾಗಿ ಓದುವುದು ಈ ಪ್ರಬಂಧದ ಆಶಯ. ‘ನೆಲೆ’ಯನ್ನು ಯಾವ ನೆಲೆಯಲ್ಲಿ ಬಳಸಲಾಗಿದೆ ಎಂಬುದನ್ನು ಮತ್ತೊಂದು ನೆಲೆಯಲ್ಲಿ ಚರ್ಚಿಸಲಾಗುವುದು.

ಅಧ್ಯಯನದ ಪ್ರಾಥಮಿಕ ಆಕರ, ಶಾಲೆಯ ವಾಟ್ಸ್ಆ್ಯಪ್ ಗುಂಪಿಗೆ ರಾತ್ರಿ ಊಟದ ಹೊತ್ತಿಗೆ ಬಂದು ಬೀಳುವ ಸುತ್ತೋಲೆ. ಕರ್ತೃ ಅಜ್ಞಾತ. ಕಾಲದ ಬಗ್ಗೆ ಮಾತ್ರ ವಿವಾದವಿಲ್ಲ, ಶಾಲೆಯ ಛದ್ಮವೇಷ ಸ್ಪರ್ಧೆಯ ಹಿಂದಿನ ದಿನ. ವಿಷಯ: ಮಗು ತನಗಿಷ್ಟವಾದ ಕಥೆಪುಸ್ತಕದ ಪಾತ್ರವಾಗಿ ಬರತಕ್ಕದ್ದು, ಪರಿಸರಸ್ನೇಹಿಯಾಗಿರತಕ್ಕದ್ದು, ಇಂಗ್ಲಿಷಿನಲ್ಲಿ ಒಂದು ನಿಮಿಷ ಮಾತಾಡತಕ್ಕದ್ದು.

ಚಾರಿತ್ರಿಕವಾಗಿ ನೋಡಿದರೆ, ಯುನೆಸ್ಕೊ 1995ರಲ್ಲಿ ಏಪ್ರಿಲ್ 23ನ್ನು ವಿಶ್ವ ಪುಸ್ತಕ ದಿನವೆಂದು ಸಾರಿತು. ಬ್ರಿಟನ್ನಿನವರು ಅದನ್ನು ಮಾರ್ಚ್ ತಿಂಗಳ ಮೊದಲ ಗುರುವಾರಕ್ಕೆ ಎಳೆದುಕೊಂಡು, ಕಥೆಯ ಪಾತ್ರಗಳ ವೇಷದಲ್ಲಿ ಮಕ್ಕಳನ್ನು ಶಾಲೆಗೆ ಕಳಿಸುವ ರೂಢಿ ಬೆಳೆಸಿದರು. ಏಪ್ರಿಲ್ 23ಕ್ಕೆ ನಮ್ಮ ಮಕ್ಕಳು ಬೇಸಿಗೆ ರಜೆಯಲ್ಲಿ ಮಾವಿನಕಾಯಿಗೆ ಉಪ್ಪು ಖಾರ ಹಚ್ಚುತ್ತಿರುತ್ತಾರೆ. ಹಾಗಾಗಿ ಈ ಆಚರಣೆ ನಮ್ಮಲ್ಲಿ ಕೃಷ್ಣಾಷ್ಟಮಿ, ರಾಜ್ಯೋತ್ಸವ, ಮಕ್ಕಳ ದಿನಾಚರಣೆ ಹೀಗೆ ಜಾಗ ಸಿಕ್ಕಲ್ಲೆಲ್ಲ ನುಸುಳಿಕೊಂಡಿದೆ. ವಸಾಹತೋತ್ತರ ಸ್ಥಿತ್ಯಂತರ ಎಂದು ಪಂಡಿತರು ಕರೆಯುವುದು ಬಹುಶಃ ಇದನ್ನೇ.

ಇನ್ನು ವರ್ಗೀಕರಣ. ಭರತಮುನಿ ನೇಪಥ್ಯವನ್ನು ಪುಸ್ತ, ಅಲಂಕಾರ, ಅಂಗರಚನೆ, ಸಂಜೀವ ಎಂದು ನಾಲ್ಕಾಗಿ ವಿಂಗಡಿಸಿದ್ದಾನೆ. ಪುಸ್ತದಲ್ಲಿ ಮತ್ತೆ ಮೂರು: ಜೋಡಿಸಿ ಮಾಡಿದ್ದು ಸಂಧಿಮ, ಸುತ್ತಿ ಮಾಡಿದ್ದು ವೇಷ್ಟಿಮ, ಯಂತ್ರದಿಂದ ಆಡಿಸುವುದು ವ್ಯಾಜಿಮ. ಥರ್ಮಾಕೋಲಿಗೆ ಬೆಳ್ಳಿ ಕಾಗದ ಅಂಟಿಸಿದ ಭೀಮನ ಗದೆ ಸಂಧಿಮ. ಅಜ್ಜಿಯ ರೇಷ್ಮೆ ಸೀರೆಯನ್ನು ಮೂರಡಿಯ ಕಿತ್ತೂರು ಚೆನ್ನಮ್ಮನಿಗೆ ಸುತ್ತಿದರೆ ವೇಷ್ಟಿಮ. ದೀಪ ಮಿನುಗುವ ಕಿರೀಟ ವ್ಯಾಜಿಮ. ಅದರ ಬ್ಯಾಟರಿ ಆಟೋದಲ್ಲೇ ತೀರಿಹೋಗಿರುತ್ತದೆ. ಅಲಂಕಾರಾದಿ ಉಳಿದ ಮೂರನ್ನು ಓದುಗರೇ ಊಹಿಸಿಕೊಳ್ಳತಕ್ಕದ್ದು. ನನಗೆ ಬೇಸರ ಬಂದಿದೆ.

ಅಭಿನಯದ ವಿಚಾರದಲ್ಲಿ ಮಾತ್ರ ನಮ್ಮ ಮಕ್ಕಳು ಶಾಸ್ತ್ರವನ್ನು ಮೀರಿಸಿದ್ದಾರೆ. ಎಂಟು ಸಾತ್ವಿಕ ಭಾವಗಳನ್ನು ಸಾಧಿಸಲು ದೊಡ್ಡ ನಟರು ಆಯುಷ್ಯ ಸವೆಸುತ್ತಾರೆ. ಯುಕೆಜಿ ಮಗು ಮೈಕಿನ ಮುಂದೆ ಒಂದೇ ನಿಮಿಷದಲ್ಲಿ ಮುಗಿಸುತ್ತದೆ. ಮೊದಲು ಕಲ್ಲಿನಂತೆ ನಿಲ್ಲುವುದು, ಅದು ಸ್ತಂಭ. ಉಣ್ಣೆಯ ಹುಲಿಚರ್ಮದೊಳಗೆ ಸ್ವೇದ. ಅಪ್ಪ ಮೊಬೈಲು ಎತ್ತಿ ಹಿಡಿದದ್ದು ಕಂಡು ರೋಮಾಂಚ. ‘ಐ ಯಾಮ್’ ಎನ್ನುವಷ್ಟರಲ್ಲಿ ಸ್ವರಭೇದ, ಮೊಣಕಾಲಲ್ಲಿ ವೇಪಥು, ನಂತರ ಧಾರಾಕಾರ ಅಶ್ರು. ಅಶ್ರುವಿನಿಂದ ಹಳದಿ ಬಣ್ಣ ಕರಗಿ ಕೊರಳಿಗಿಳಿದಾಗ ವೈವರ್ಣ್ಯ. ಕೊನೆಗೆ ಟೀಚರ ಹೆಗಲ ಮೇಲೆ ಪ್ರಲಯ.

ಪಠ್ಯನಿಷ್ಠೆಯ ಪ್ರಶ್ನೆ ಹೆಚ್ಚು ಜಟಿಲ. ಕುವೆಂಪು ಬ್ರೌನಿಂಗನ ಕವನವನ್ನು ಬೊಮ್ಮನಹಳ್ಳಿಗೆ ತಂದಾಗ ಪರದೇಶಿ ಕೊಳಲನ್ನು ಅಲ್ಲೇ ಬಿಟ್ಟು, ನಮ್ಮ ಜೋಗಿಯ ಕೈಗೆ ತಂತಿವಾದ್ಯವಾದ ಕಿಂದರಿಯನ್ನು ಕೊಟ್ಟರು. ಬಾಡಿಗೆ ವೇಷದ ಅಂಗಡಿಯಲ್ಲಿ ಕಿಂದರಿ ಎಲ್ಲಿಂದ ಬರಬೇಕು? ಕೃಷ್ಣನ ಕೊಳಲುಗಳು ಬುಟ್ಟಿಗಟ್ಟಲೆ ಇವೆ. ಆದ್ದರಿಂದ ಕನ್ನಡದ ಕಿಂದರಿಜೋಗಿ ಹತ್ತಿಯ ಗಡ್ಡ ಅಂಟಿಸಿಕೊಂಡು, ಕೈಯಲ್ಲಿ ಕೊಳಲು ಹಿಡಿದು ವೇದಿಕೆ ಹತ್ತುತ್ತಾನೆ. ಗೊತ್ತಿಲ್ಲದೆಯೇ ಬ್ರೌನಿಂಗನಿಗೆ ನಿಷ್ಠನಾಗುತ್ತಾನೆ. ಅವನಿಗೆ ಪ್ರಥಮ ಬಹುಮಾನವೂ ಬರುತ್ತದೆ, ಏಕೆಂದರೆ ತೀರ್ಪುಗಾರರು ಎರಡನ್ನೂ ಓದಿರುವುದಿಲ್ಲ.

ಗೋವಿನ ಹಾಡಿನದು ಇನ್ನೊಂದು ಕಥೆ. ಪುಣ್ಯಕೋಟಿಯಾಗಲು ಸಾಲು ನಿಲ್ಲುತ್ತಾರೆ. ಕೊಂಬು, ಗಂಟೆ, ಬಿಳಿ ಪೈಜಾಮ ಇದ್ದರಾಯಿತು. ಅರ್ಭುತ ಹುಲಿಯಾಗುವವರು ಯಾರೂ ಇಲ್ಲ. ‘ಹುಲಿ ಕೊನೆಗೆ ಸಾಯುತ್ತಲ್ಲ, ಬೇಡ’ ಎನ್ನುತ್ತಾರೆ ತಾಯಂದಿರು. ಆದರೆ ಆ ಕಥೆಯಲ್ಲಿ ಬದಲಾಗುವುದು ಹುಲಿ ಒಂದೇ. ಹಸಿದಿದ್ದೂ ತಿನ್ನದೆ ನಾಚುವುದು ಹುಲಿ. ಆರು ವರ್ಷದ ಮಗುವಿಗೆ ಅದಕ್ಕಿಂತ ಒಳ್ಳೆಯ ಪಾತ್ರ ಎಲ್ಲಿ ಸಿಗುತ್ತದೆ?

ಇಷ್ಟು ಹೊತ್ತು ಕಾಪಾಡಿಕೊಂಡ ಪಾಂಡಿತ್ಯದ ಗಾಂಭೀರ್ಯ ಇಲ್ಲಿಗೆ ಸಾಕು. ಚಿತ್ರದುರ್ಗದ ಕಿಂಡಿಯಲ್ಲಿ ಹೈದರನ ಸೈನಿಕರನ್ನು ಬಡಿದು ಕೆಡವಿದ ಓಬವ್ವ, ಅದೂ ನವೆಂಬರ್ ಒಂದರಂದು, ಪಿವಿಸಿ ಪೈಪಿಗೆ ಕಂದು ಕಾಗದ ಸುತ್ತಿದ ಒನಕೆ ಹಿಡಿದು ‘ಗುಡ್ ಮಾರ್ನಿಂಗ್, ಐ ಯಾಮ್ ಓಬವ್ವ’ ಎನ್ನುತ್ತಾಳೆ. ಯಾರಿಗೂ ನಗು ಬರುವುದಿಲ್ಲ, ನಾಚಿಕೆಯೂ ಆಗುವುದಿಲ್ಲ. ಗಂಡ ಊಟಕ್ಕೆ ಕೂತಿದ್ದ, ಅವಳು ನೀರು ತರಲು ಹೋಗಿದ್ದಳು, ಕಿಂಡಿಯಲ್ಲಿ ಒಂದು ತಲೆ ಕಂಡಿತು. ಇಷ್ಟು ಹೇಳಿದರೆ ಯಾವ ಮಗು ‘ಆಮೇಲೆ?’ ಎನ್ನುವುದಿಲ್ಲ? ಹೇಳಲು ನಮಗೆ ಪುರುಸೊತ್ತಿಲ್ಲ. ಬಾಡಿಗೆ, ಮುಂಗಡ, ಮೇಕಪ್ಪು, ವಿಡಿಯೊ ಇವಕ್ಕೆಲ್ಲ ಇದೆ.

ಕರಾವಳಿಯ ಯಕ್ಷಗಾನದ ಚೌಕಿಯಲ್ಲಿ ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖಕ್ಕೆ ಒಂದೊಂದೇ ಚುಟ್ಟಿ ಇಡುತ್ತ ಗಂಟೆಗಟ್ಟಲೆ ಕೂರುತ್ತಾರೆ. ಎದುರಿಗೆ ಬಾಲಗೋಪಾಲರ ವೇಷದ ಹುಡುಗರು ಗೆಜ್ಜೆ ಕಟ್ಟಿಕೊಳ್ಳುತ್ತ ಅದನ್ನು ನೋಡುತ್ತಾರೆ. ಅಂದಿನ ಪ್ರಸಂಗ ಯಾವುದು, ಯಾರು ಯಾರನ್ನು ಏಕೆ ಕೊಂದರು ಎಂಬುದು ಆ ಹುಡುಗರಿಗೆ ಬಾಯಿಪಾಠ. ಅಲ್ಲಿ ಮೊದಲು ಕಥೆ ಬರುತ್ತದೆ, ಆಮೇಲೆ ಕಿರೀಟ. ನಮ್ಮ ಶಾಲೆಗಳಲ್ಲಿ ಕಿರೀಟ ಬಂದಿದೆ, ಕಥೆ ಬಂದಿಲ್ಲ. ಮಕ್ಕಳಿಗೆ ನಾವು ಮಾಡುತ್ತಿರುವುದು ಮೋಸ. ಅದಕ್ಕೆ ಇದಕ್ಕಿಂತ ದೊಡ್ಡ ಪಾರಿಭಾಷಿಕ ಪದ ಬೇಕಿಲ್ಲ.

ತೀರ್ಪುಗಾರರಾಗಿ ಹೋಗುವವರಲ್ಲಿ ಒಂದೇ ಬೇಡಿಕೆ. ವೇಷ ನೋಡಿ, ಚಪ್ಪಾಳೆ ತಟ್ಟಿ. ಆಮೇಲೆ ಮೈಕು ಆರಿಸಿ, ಮಗುವಿನ ಹತ್ತಿರ ಹೋಗಿ, ಅದರ ಮನೆಮಾತಿನಲ್ಲಿ ‘ನಿನ್ನ ಕಥೆಯಲ್ಲಿ ಮುಂದೇನಾಯಿತು?’ ಎಂದು ಕೇಳಿ. ಹೇಳಿದ ಮಗುವಿಗೇ ಬಹುಮಾನ ಕೊಡಿ, ಅದು ಬನಿಯನ್ನು ಚಡ್ಡಿಯಲ್ಲಿ ಟವೆಲಿನ ಬಾಲ ಸಿಕ್ಕಿಸಿಕೊಂಡು ಬಂದಿದ್ದರೂ.